ಉಣ್ಣೆ ಕತ್ತರಿಸುವ ದಿನ ಮಾಡಿದ ಫೋನು

ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರಿಗಾಗಿ ನಡೆಸಿದ ಒಂದೇ ಒಂದು ತರಗತಿ ಕೇಳಿ ನಾನು ಡಾಕ್ಟರಾಗಿಬಿಟ್ಟೆ. ಕೊರಳಿಗೆ ಸ್ಟೆತಾಸ್ಕೋಪ್ ಒಂದು ಕಮ್ಮಿಯಿತ್ತು, ಅಷ್ಟೇ. ನನ್ನ ಅಣ್ಣನಿಗೆ ಬೈಪೋಲಾರ್ ಕಾಯಿಲೆ; ಮನಸ್ಸು ಕೆಲವು ದಿನ ಮಿತಿಮೀರಿ ಉಕ್ಕುತ್ತದೆ, ಕೆಲವು ದಿನ ಕುಸಿಯುತ್ತದೆ. ನಿದ್ದೆ ಕಮ್ಮಿಯಾಗಿ ಮಾತು ಜಾಸ್ತಿಯಾದರೆ ಅದು ಉಕ್ಕುವ ಸೂಚನೆ, ತಿಳಿಸಿ ಎಂದು ತರಗತಿ ನಡೆಸಿದ ಮೇಡಂ ಹೇಳಿದ್ದರು.

ಐಮಂಗಲದ ಹತ್ತಿರದ ನಮ್ಮ ಹಟ್ಟಿಯಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ದಿನ ಅಣ್ಣ ನಸುಕಿಗೇ ಎದ್ದು, ಹಾಡುತ್ತ, ಎಲ್ಲರನ್ನೂ ರೇಗಿಸುತ್ತ ಕತ್ತರಿ ಆಡಿಸುತ್ತಿದ್ದ. ನಾನು ಬಣವೆಯ ಹಿಂದೆ ಅಡಗಿ ಫೋನು ಮಾಡಿ, "ಶುರುವಾಯ್ತು ಮೇಡಂ! ನಾಲ್ಕಕ್ಕೇ ಎದ್ದವ್ನೆ!" ಎಂದೆ.

"ಮನೇಲಿ ಬೇರೆಯವ್ರು ಎಷ್ಟೊತ್ತಿಗೆ ಎದ್ರು?" ಎಂದು ಮೇಡಂ ಕೇಳಿದರು.

"ಎಲ್ರೂ ನಾಲ್ಕಕ್ಕೇ ಎದ್ದೀವಿ. ಇವತ್ತು ಉಣ್ಣೆ ಕತ್ತರಿಸ್ತೀವಲ್ರೀ..." ಎನ್ನುವಾಗಲೇ ನನ್ನ ಪೆದ್ದುತನ ನನಗೆ ತಿಳಿಯಿತು. ತಿರುಗಿ ನೋಡಿದರೆ ಅಣ್ಣ ನಿಂತಿದ್ದ.

ಆಮೇಲೆ ಅವನು ಹಾಡಲಿಲ್ಲ, ಯಾರ ಜೊತೆಗೂ ಮಾತಾಡಲಿಲ್ಲ. ಸಂಜೆ ಮಾತ್ರೆಯನ್ನೂ ಮುಟ್ಟಲಿಲ್ಲ. ನನಗೆ ನಿಜವಾಗಿ ಭಯವಾಯಿತು. ನೀರಿನ ಲೋಟ ಹಿಡಿದು ಎದುರಿಗೆ ಕುಳಿತು, "ತಪ್ಪಾಯ್ತು ಕಣಣ್ಣಾ" ಎಂದೆ.

ಅವನು ನನ್ನ ಕೈಯಿಂದ ಲೋಟ ತೆಗೆದುಕೊಂಡು ಮಾತ್ರೆ ನುಂಗಿ ಹೇಳಿದ: "ನಂಗೇನಾರ ಆಗ್ತೈತೆ ಅನ್ಸಿದ್ರೆ ಮೊದ್ಲು ನನ್ನೇ ಕೇಳು ಕಣಲೇ. 'ಅಣ್ಣಾ, ನಿದ್ದೆ ಬಂತಾ' ಅಂತ ಎದುರಿಗೆ ಕುಂತು ಕೇಳು. ನಾನು ಸುಳ್ಳು ಹೇಳಲ್ಲ."