ಒಪ್ಪಿಕೊಂಡವನಿಗೆ ಪಾಸ್‌ಪೋರ್ಟ್

ಶಹಾಬಾದಿನ ಕಲ್ಲುಗಣಿಗಳಲ್ಲಿ ಮಳೆನೀರು ನಿಂತರೆ ಕೂಲಿಯೂ ನಿಲ್ಲುತ್ತಿತ್ತು. ನೆಲಕ್ಕೆ ಹಾಸುವ ಫರ್ಸಿಕಲ್ಲು ಎಬ್ಬಿಸುವ ಬಂದೇಅಲಿಗೆ ಆಗ ಕೂತಲ್ಲಿ ಕೂಡಲು ಆಗುತ್ತಿರಲಿಲ್ಲ. ಮನೆಯಿಂದ ಸ್ಟೇಷನ್ನು, ಸ್ಟೇಷನ್ನಿನಿಂದ ಮನೆ. ಮುಂಬೈ ಗಾಡಿ ಹೋಗುವುದನ್ನು ನೋಡಿ ಬರುವನು. ೧೯೮೧ರಲ್ಲಿ ದುಬೈಗೆ ಗೌಂಡಿಗಳು, ಕಲ್ಲುಕೆಲಸದವರು ಬೇಕೆಂದು ಏಜೆಂಟನೊಬ್ಬ ಊರಿಗೆ ಬಂದ. ದೇಶಕ್ಕೆ ಅರಬರ ರೊಕ್ಕ ಬೇಕಿತ್ತು. ಆದರೆ ಯಾರು ಹೋಗಬಹುದು ಎಂಬುದನ್ನು ಪೊಲೀಸ್ ಠಾಣೆ ಹೇಳಬೇಕಿತ್ತು.

ಬಂದೇಅಲಿ ಅಲ್ಲೇ ಸಿಕ್ಕಿಬಿದ್ದ. ಹಿಂದಿನ ವರ್ಷ ಕೂಲಿ ಏರಿಸಿ ಎಂದು ಗಣಿ ಕೂಲಿಕಾರರ ಸಂಘದ ನಾವೆಲ್ಲ ವ್ಯಾಗನ್ನಿಗೆ ಕಲ್ಲು ತುಂಬುವ ರೈಲುಹಳಿಯ ಮೇಲೆ ಕುಳಿತಿದ್ದೆವು. ಪೊಲೀಸರ ಮೇಲೆ ಕಲ್ಲೆಸೆದರೆಂದು ಕೇಸು ಬಿತ್ತು. ಒಬ್ಬರೂ ಎಸೆದಿರಲಿಲ್ಲ. ಕೇಸು ಮುಗಿಯುವ ತನಕ ಪಾಸ್‌ಪೋರ್ಟಿಲ್ಲ. ಕೇಸು ಮುಗಿಯುವುದಿಲ್ಲ. ಅಂದು ಮಾಲೀಕನ ಬೆನ್ನಿಗೆ ನಿಂತು ಲಾರಿ ತುಂಬಿದವರು ಆಗಲೇ ದುಬೈಯಲ್ಲಿದ್ದರು.

ಠಾಣೆಯ ಜಮಾದಾರ ಹಾದಿ ತೋರಿಸಿದ. “ತಪ್ಪಾತು ಅಂದುಬಿಡು. ಸಣ್ಣ ದಂಡ, ಕೇಸ್ ಖತಂ. ಮುಂದ ಯಾರೂ ತಡಿಯಂಗಿಲ್ಲ.”

“ನಾ ಮಾಡಿಲ್ಲಲ್ರಿ ಸಾಹೇಬ್ರ.”

“ಮಾಡಿಲ್ಲ ಅನ್ಕೋತನಽ ಮುದುಕ ಆಗ್ತಿ ನೋಡು.”

ಒಬ್ಬ ಒಪ್ಪಿದರೂ ಉಳಿದವರ ಮಾತು ಸುಳ್ಳಾಗುತ್ತಿತ್ತು. ಯಾರೂ ಒಪ್ಪಬಾರದೆಂದು ಸಂಘದಲ್ಲಿ ಕೈಯೆತ್ತಿದವರಲ್ಲಿ ಅವನೂ ಒಬ್ಬ. ಮನೆಯಲ್ಲಿ ಹೆಂಡತಿ ಜಾನಬಿ ರೊಟ್ಟಿ ತಟ್ಟುತ್ತಲೇ ಅಂದಳು: “ಗಣಿಯಂವ ಮಳಿ ನಿಲ್ಲೋತನಕ ಬರಬ್ಯಾಡ ಅಂತಾನ. ಸಂಘದವ್ರು ಜೇಲಿಗಿ ಬಾ ಅಂತಾರ. ಕೆಲಸಕ್ಕ ಕರ್ಯಾಕತ್ತಂವ ಒಬ್ನಽ ಅದಾನ. ಹೋಗ್ರಿ.”

ಚಿತ್ತಾಪುರದ ಕೋರ್ಟಿನಲ್ಲಿ ಕಾಲು ಬದಲಿಸುತ್ತ ನಿಂತು, “ಒಪ್ಪೀನ್ರಿ” ಎಂದ. ನಮ್ಮ ವಕೀಲರು ಕಾಗದದಿಂದ ತಲೆಯೆತ್ತಲಿಲ್ಲ.

ಹೊರಗೆ ಅನಸುಬಾಯಿ ಅಡ್ಡ ನಿಂತಳು. ಅವನ ಜೊತೆಯೇ ಗಣಿಯಲ್ಲಿ ಕಲ್ಲು ಹೊರುವವಳು, ಅದೇ ಕೇಸಿನವಳು.

“ಯಾವ ಕೈಲೆ ಕಲ್ಲ ಒಗದೆಪಾ? ತೋರ್ಸು.”

“ಬಿಡಕ್ಕಾ.”

“ಹೆಂಗ ಬಿಡ್ಲಿ? ನಿನ್ನ ಬಾಜೂಕ ಕುಂತಾಕಿ ನಾನು. ನಾಳಿಗಿ ಜಡ್ಜ್ ಸಾಹೇಬ್ರು ಕೇಳಿದ್ರ, ಇಂವ ಭಾಳ ಛಲೋ ಗುರಿಗಾರ ಅಂತ ಹೇಳ್ಲೇನು?”

ಅವನು ಬಲಗೈ ಅರ್ಧ ಎತ್ತಿ ಇಳಿಸಿದ. ಬಸ್ಸು ಬಂತು. ಅವಳು ಹತ್ತಿದಳು, ಅವನು ಹತ್ತಲಿಲ್ಲ.

ಅವನು ದುಬೈಗೆ ಹೋದ ಮೇಲೆ ಸಂಘದ ಮಾಣಿಕಪ್ಪನೂ ಒಪ್ಪಿದ, ಕಿಸೆಯಲ್ಲಿ ಪಾಸ್‌ಪೋರ್ಟಿನ ಫೋಟೋ ಇಟ್ಟುಕೊಂಡೇ ಕಟಕಟೆ ಹತ್ತಿದ್ದ. ಆಮೇಲೆ ಉಳಿದ ನಾವೂ ಒಬ್ಬೊಬ್ಬರೇ. ಲಾಠಿಗೆ ಬಗ್ಗದವರನ್ನು ಸರ್ಕಾರ ಹೀಗೆ ಬಗ್ಗಿಸಿತು. ಅನಸುಬಾಯಿ ಒಪ್ಪಲಿಲ್ಲ. ಕೇಸಿನ ಪ್ರತಿ ವಾಯಿದೆಗೂ ಕೂಲಿ ಬಿಟ್ಟು, ಒಬ್ಬಳೇ ಚಿತ್ತಾಪುರದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು.