ಇನ್ನೂರ ನಲವತ್ತಕ್ಕೆ ಹೋದ ಬಂದೂಕು

ಕಳೆದ ಗುರುವಾರ, ಹನ್ನೆರಡು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ, ನನ್ನ ಗೆಳೆಯ ಹರಾಜು ಮಳಿಗೆಯಲ್ಲಿ ತೀರಿಕೊಂಡ. ಅವನಿಗೆ ಅರವತ್ತೊಂಬತ್ತು ವರ್ಷ. ಆಗ ಅವನ ತೊಡೆಯ ಮೇಲೆ ಒಂದು ಜೋಡಿನಳಿಗೆಯ ಬಂದೂಕು ಇತ್ತು. ಅಷ್ಟನ್ನೇ ಕೇಳಿಸಿಕೊಂಡವರು ಏನೇನೋ ಕಲ್ಪಿಸಿಕೊಂಡು ಮಾತಾಡುತ್ತಿದ್ದಾರೆ, ಪೊಲೀಸರೂ ಬಂದು ಹೋದರು. ಬಂದೂಕಿನ ಎರಡೂ ನಳಿಗೆಗಳಿಗೆ ಸೀಸ ತುಂಬಿ ಮುಚ್ಚಲಾಗಿತ್ತು. ಅವನು ಸತ್ತದ್ದು ಹೃದಯ ನಿಂತು. ನಡೆದದ್ದನ್ನು ನಡೆದ ಹಾಗೆ ಬರೆದಿಡಬಲ್ಲವನು ನಾನೊಬ್ಬನೇ ಆದ್ದರಿಂದ ಬರೆಯುತ್ತಿದ್ದೇನೆ.

ಎಲ್ಲರಿಗೂ ಅವನು ಚೀಟಿ. ಹರಾಜಿಗೆ ಬಂದ ಪ್ರತಿ ವಸ್ತುವಿಗೂ ಚೀಟಿ ಬರೆದು ಕಟ್ಟುವುದು ಅವನ ಕೆಲಸವಾಗಿತ್ತು. ದಪ್ಪ ಕಂದು ರಟ್ಟಿನ ಚೀಟಿ. ಮುಂದೆ ಕಪ್ಪು ಶಾಯಿಯಲ್ಲಿ ನಂಬರು, ವಸ್ತುವಿನ ವಿವರ; ಸುತ್ತಿಗೆ ಬಿದ್ದ ಮೇಲೆ ಹಿಂದುಗಡೆ ಕೆಂಪು ಶಾಯಿಯಲ್ಲಿ ಹೋದ ಬೆಲೆ. ಮೇಣ ಸವರಿದ ದಾರದಿಂದ ಎರಡು ಸುತ್ತು ಸುತ್ತಿ, ಗಂಟು ಹಾಕಿ, ಉಳಿದ ದಾರವನ್ನು ಹಲ್ಲಿನಿಂದ ಕಡಿಯುತ್ತಿದ್ದ. ಹಳೆಯ ಮಾಲೀಕರು ನೋಡಲಾರದೆ ಒಂದು ಕತ್ತರಿ ತಂದುಕೊಟ್ಟಿದ್ದರು. ಅವನು ಕತ್ತರಿಗೂ ಒಂದು ಚೀಟಿ ಬರೆದು ಕಟ್ಟಿ, ಅದರ ದಾರವನ್ನೂ ಹಲ್ಲಿನಿಂದಲೇ ಕಡಿದು, ಗೋಡೆಯ ಮೊಳೆಗೆ ನೇತುಹಾಕಿದ. ಅದು ಇವತ್ತಿಗೂ ಅಲ್ಲೇ ಇದೆ.

ಬರೆದದ್ದೆಲ್ಲ ಅವನ ತಲೆಯಲ್ಲಿ ಉಳಿದುಬಿಡುತ್ತಿತ್ತು. ಹೆಂಡತಿಯ ಹುಟ್ಟಿದ ದಿನ ನೆನಪಿರುತ್ತಿರಲಿಲ್ಲ, ಆದರೆ ಆನೆಕಾಲಿನ ಆಕಾರದ ಕೊಡೆಸ್ಟ್ಯಾಂಡು ಯಾವ ವರ್ಷ ಎಷ್ಟಕ್ಕೆ ಹೋಯಿತು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಗೋಡೆ ಗಡಿಯಾರ ಹದಿನಾಲ್ಕು ರೂಪಾಯಿ. ಹಿತ್ತಾಳೆಯ ದುರ್ಬೀನು ಒಂಬತ್ತು. ಪಿಯಾನೋ ಎಪ್ಪತ್ತು, ಅದರೊಳಗೆ ಸಂಸಾರ ಹೂಡಿದ್ದ ಇಲಿಗಳು ಸೇರಿ. ಯಾರ ಮನೆಗೆ ಹೋದರೂ ಅವನ ಕಣ್ಣು ಮೊದಲು ಪೀಠೋಪಕರಣದ ಮೇಲೆ. ಒಮ್ಮೆ ನಮ್ಮ ಜೊತೆಯವನೊಬ್ಬ ತೀರಿಕೊಂಡಾಗ ಮಾತಾಡಿಸಿ ಬರಲು ಹೋದೆವು. ಸತ್ತವನ ಅಣ್ಣ ಅಳುತ್ತ ಕೂತಿದ್ದ ಕುರ್ಚಿಯನ್ನು ಇವನು ಬಹಳ ಹೊತ್ತು ನೋಡಿ, ಕೊನೆಗೆ ತಡೆದುಕೊಳ್ಳಲಾರದೆ ನನ್ನ ಕಿವಿಯಲ್ಲಿ, "ಇದರ ಜೋಡಿ ಹದಿನೆಂಟಕ್ಕೆ ಹೋಗಿತ್ತು ಕಣೋ, ಹದಿನೆಂಟಕ್ಕೆ!" ಎಂದು ಹೇಳಿ ತಾನೂ ಕಣ್ಣೊರೆಸಿಕೊಂಡ. ಮನೆಯವರು ಅವನ ಒಳ್ಳೆಯ ಮನಸ್ಸನ್ನು ಮೆಚ್ಚಿಕೊಂಡರು.

ಅವನ ಮನೆಯಲ್ಲೂ ಚೀಟಿಯಿಲ್ಲದ ಸಾಮಾನಿರಲಿಲ್ಲ. ರೇಡಿಯೋ, ಬಕೆಟ್ಟು, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ಕೊಂಡ ದಿನ ಮತ್ತು ಬೆಲೆ. ಅವನ ಹೆಂಡತಿಯನ್ನು ನಾನು ತಂಗಿ ಎಂದೇ ಕರೆಯುವುದು. ಮದುವೆಯಾದ ಹೊಸತರಲ್ಲಿ ಅವಳು, "ನನಗೊಬ್ಬಳಿಗೆ ಯಾಕ್ರೀ ಚೀಟಿ ಇಲ್ಲ?" ಎಂದು ಕೆಣಕಿದ್ದಳಂತೆ. "ನೀನು ಹರಾಜಿಗೆ ಬರಲೇ ಇಲ್ವಲ್ಲೇ" ಎಂದನಂತೆ ಇವನು. ಇದು ಹೊಗಳಿಕೆಯೋ ಅಲ್ಲವೋ ಎಂದು ಅವಳು ನನ್ನನ್ನು ಎಷ್ಟೋ ಸಲ ಕೇಳಿದ್ದಾಳೆ.

ಇನ್ನು ಬಂದೂಕಿನ ವಿಷಯ. ಮೂವತ್ತಾರು ವರ್ಷದ ಹಿಂದೆ ಅದು ಮೊದಲ ಸಲ ಹರಾಜಿಗೆ ಬಂತು. ಚೀಟಿಗೆ ಬೇಟೆಯ ಹುಚ್ಚಿರಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಬೆಚ್ಚಿಬೀಳುವ ಪ್ರಾಣಿ ಅದು. ಅವನ ಮನಸ್ಸು ಸೋತದ್ದು ಬಂದೂಕಿನ ಕುದುರೆಯ, ಅಂದರೆ ಬೆರಳಿನಿಂದ ಎಳೆಯುವ ಕೊಕ್ಕೆಯ, ಮೇಲ್ಗಡೆ ಉಕ್ಕಿನಲ್ಲಿ ಕೊರೆದಿದ್ದ ಚಿತ್ರಕ್ಕೆ. ಅಲ್ಲಿ ಒಂದು ನಾಯಿ, ಒಂದು ಮೊಲ. ಕೊರೆದವನು ಏನು ಯೋಚಿಸುತ್ತಿದ್ದನೋ, ನಾಯಿ ಮುಂದೆ ಓಡುತ್ತಿತ್ತು, ಮೊಲ ಅದನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ನಾಯಿಯ ಮುಖದಲ್ಲಿ ನಿಜವಾದ ಭಯವಿತ್ತು. ಚೀಟಿ ಬರೆಯುವ ಮೇಜಿನ ಮೇಲೆ ಇವನು ಅದನ್ನು ಒಂದು ವಾರ ಇಟ್ಟುಕೊಂಡು ದಿನವೂ ನೋಡಿ ನಕ್ಕ. ಮಳಿಗೆಯ ನೌಕರರು ಹರಾಜಿನಲ್ಲಿ ಬೆಲೆ ಕೂಗುವಂತಿರಲಿಲ್ಲ. ಹಾಗಾಗಿ ನಾನೂರು ಎಣಿಸಿ ನನ್ನ ಅಂಗಿಯ ಜೇಬಿಗೆ ಹಾಕಿ, "ಪಂಡಿತ, ಕೈ ಎತ್ತೋದಷ್ಟೇ ನಿನ್ನ ಕೆಲಸ" ಎಂದು ಮೂರನೇ ಸಾಲಿನಲ್ಲಿ ಕೂರಿಸಿದ.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವ. ಎಲ್ಲಿ ಹೋದರೂ ಕಂಕುಳಲ್ಲಿ ಒಂದು ಪುಸ್ತಕ. ಬಂದೂಕಿಗಿಂತ ಮೊದಲು ಇಪ್ಪತ್ತೆರಡು ಮಂಚಗಳಿದ್ದವು. ನಾನು ಪುಸ್ತಕ ತೆರೆದೆ. ಅದು ಪತ್ತೇದಾರಿ ಕತೆ. ಒಬ್ಬ ಕತ್ತಲ ಮೊಗಸಾಲೆಯಲ್ಲಿ ನಡೆದು ಬಂದು ಬಾಗಿಲಿನ ಹಿಡಿಗೆ ಕೈಹಾಕಿದ್ದ. ಟಪ್ ಎಂದು ಸುತ್ತಿಗೆ ಬಿದ್ದ ಸದ್ದಿಗೆ ತಲೆ ಎತ್ತಿದೆ. ಟೋಪಿ ಹಾಕಿದ ದಲ್ಲಾಳಿಯೊಬ್ಬ ಬಂದೂಕನ್ನು ಇನ್ನೂರ ನಲವತ್ತಕ್ಕೆ ಕೊಂಡಿದ್ದ. ಮೇಜಿನ ಹಿಂದೆ ಚೀಟಿ ತಲೆ ತಗ್ಗಿಸಿ ಕೆಂಪು ಶಾಯಿಯಲ್ಲಿ ಬೆಲೆ ಬರೆಯುತ್ತಿದ್ದ.

ಅವನು ಬೈಯಲಿಲ್ಲ. ಸಂಜೆ ಟೀ ಅಂಗಡಿಯಲ್ಲಿ ನಾನೂರನ್ನು ವಾಪಸ್ ಪಡೆದು, "ಬಾಗಿಲ ಹಿಂದೆ ಯಾರಿದ್ರು?" ಎಂದು ಕೇಳಿದ.

"ತೋಟದ ಮಾಲಿ" ಎಂದೆ. ಮುಂದಕ್ಕೆ ಓದುವ ಧೈರ್ಯ ನನಗಿರಲಿಲ್ಲ, ಸುಳ್ಳು ಹೇಳಿದ್ದೆ.

ಆಮೇಲಿನ ಮೂವತ್ತಾರು ವರ್ಷ ನಾನು ಇನ್ನೂರ ನಲವತ್ತು ಎಂಬ ಮಾತನ್ನು ಕೇಳದ ವಾರವಿಲ್ಲ. ಟೀ ಬೆಲೆ ಏರಿದರೆ ಇನ್ನೂರ ನಲವತ್ತು. ಯಾರೋ ಮನೆ ಕೊಂಡರೆ ಇನ್ನೂರ ನಲವತ್ತು. ನನಗೆ ಮಗಳು ಹುಟ್ಟಿದಾಗ ಆಸ್ಪತ್ರೆಗೆ ಬಂದು, ಮಗುವನ್ನು ಎತ್ತಿಕೊಂಡು, "ಇವಳ ತೂಕದಷ್ಟೇ ಇತ್ತು ನೋಡು. ಇನ್ನೂರ ನಲವತ್ತು" ಎಂದ. ನನ್ನ ಹೆಂಡತಿ ಅದು ಗ್ರಾಮಿನ ಲೆಕ್ಕ ಎಂದುಕೊಂಡು ಗಾಬರಿಯಾಗಿ ನರ್ಸನ್ನು ಕೂಗಿದಳು.

ನಿವೃತ್ತನಾದ ಮೇಲೂ ಅವನು ಹರಾಜಿನ ದಿನ ಹಿಂದಿನ ಸಾಲಿನಲ್ಲಿ ಬಂದು ಕೂರುತ್ತಿದ್ದ. ಯಾರಾದರೂ ಒಂದು ಕಪಾಟಿಗೆ ಆರು ಸಾವಿರ ಎಂದು ಕೂಗಿದರೆ, ಹಿಂದಿನಿಂದ ಒಂದು ನಿಟ್ಟುಸಿರು, "ಮೂವತ್ತೆರಡು..." ಕೂಗಿದವನ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಈಗ ಹರಾಜು ನಡೆಸುವುದು ಹಳೆಯ ಮಾಲೀಕರ ಮಗ, ಚೀಟಿಯ ಮೇಜಿನ ಕೆಳಗೆ ಆಡಿ ಬೆಳೆದವನು. ಕೊನೆಗೊಂದು ದಿನ ಅವನು ಕೈಮುಗಿದ: "ಚೀಟಿ ಮಾಮ, ಎದುರುಗಡೆ ಅಂಗಡೀಲಿ ನಿಮ್ಮ ಟೀ ಖರ್ಚು ಪೂರ್ತಿ ನಂದು. ಜೀವನಪೂರ್ತಿ ಕುಡೀರಿ. ಒಳಗೆ ಮಾತ್ರ ಬರಬೇಡಿ."

ಹೋದ ತಿಂಗಳು ಆ ಅಂಗಡಿಯ ಬೆಂಚಿನಲ್ಲಿ ಕೂತಿದ್ದಾಗಲೇ, ಗಾಡಿಯಿಂದ ಇಳಿಯುತ್ತಿದ್ದ ಸಾಮಾನಿನ ನಡುವೆ ಅವನು ಬಂದೂಕನ್ನು ಕಂಡ. ರಸ್ತೆ ದಾಟಿ ಓಡಿ, ಎಂಜಲು ಹಚ್ಚಿ ಉಕ್ಕನ್ನು ಉಜ್ಜಿದ. ಮೊಲ ಇನ್ನೂ ಓಡಿಸುತ್ತಿತ್ತು. ನಾಯಿ ಇನ್ನೂ ತಪ್ಪಿಸಿಕೊಂಡಿರಲಿಲ್ಲ.

ಅವನ ಹತ್ತಿರ ಒಂಬತ್ತು ಸಾವಿರದ ಆರುನೂರು ಇತ್ತು. ಹಲ್ಲಿನ ಸೆಟ್ಟಿಗೆಂದು ತಂಗಿ ಕೂಡಿಟ್ಟಿದ್ದು. ದಾರ ಕಡಿದೂ ಕಡಿದೂ ಅವನ ಬಾಯಲ್ಲಿ ಉಳಿದದ್ದು ಮುಂದಿನ ಎರಡೇ ಹಲ್ಲು, ಮೇಲೊಂದು ಕೆಳಗೊಂದು, ಪುಣ್ಯಕ್ಕೆ ಎದುರುಬದುರು.

"ನೀವೇ ಹೇಳಿ ಅಣ್ಣಾ" ಎಂದಳು ತಂಗಿ. "ಗುಂಡು ಹಾರದ ಬಂದೂಕು, ಹಲ್ಲಿಲ್ಲದ ಬಾಯಿ. ಇಬ್ಬರನ್ನೂ ಇಟ್ಕೊಂಡು ನಾನು ಯಾರನ್ನ ಹೆದರಿಸಲಿ?"

"ಎರಡು ಹಲ್ಲು ಇದೆಯಲ್ಲೇ" ಎಂದ ಚೀಟಿ. "ಅನ್ನ ನುಂಗಿದರೂ ನಡೀತದೆ. ಅದು ಈ ಸಲ ಹೋದ್ರೆ ಇನ್ನೊಂದು ಮೂವತ್ತಾರು ವರ್ಷ ಕಾಯೋಕೆ ನನ್ನ ಕೈಲಾಗಲ್ಲ."

ಅವಳು ಒಳಗೆ ಹೋಗಿ ದುಡ್ಡಿನ ಲಕೋಟೆ ತಂದು ಅವನ ಮುಂದಿಟ್ಟಳು. ಅದಕ್ಕೂ ಚೀಟಿ ಕಟ್ಟಿತ್ತು.

ಗುರುವಾರ ಮಳಿಗೆಯ ಬಾಗಿಲಲ್ಲೇ ಅವನು ನನ್ನ ಪುಸ್ತಕ ಕಸಿದುಕೊಂಡ. ಆಮೇಲೆ ಏನೋ ಯೋಚಿಸಿ ನನ್ನ ಕನ್ನಡಕವನ್ನೂ ತೆಗೆದು ತನ್ನ ಜೇಬಿಗಿಟ್ಟ. "ಗೋಡೆ ಮೇಲೆ ಏನಾದ್ರೂ ಬರೆದಿದ್ರೂ ಓದಿಬಿಡ್ತೀಯ ನೀನು." ಮಾಲೀಕರ ಮಗ ಹಳೆಯ ಬೆಲೆ ಬಾಯಿಬಿಡಬಾರದು ಎಂಬ ಷರತ್ತಿನ ಮೇಲೆ ನಮ್ಮನ್ನು ಒಳಗೆ ಬಿಟ್ಟ. ಅದೇ ಮೂರನೇ ಸಾಲು. ಜನ ತುಂಬಿದ್ದರು, ಆದರೆ ಬಂದವರೆಲ್ಲ ಒಂದು ಮುಚ್ಚಿಹೋದ ಹೋಟೆಲಿನ ಫ್ರಿಜ್ಜುಗಳಿಗಾಗಿ ಬಂದವರು.

"ಮೂವತ್ತೇಳನೇ ನಂಬರು. ಜೋಡಿನಳಿಗೆ ಬಂದೂಕು, ಶೋಕಿಗೆ ಮಾತ್ರ. ಐದು ಸಾವಿರ!"

ಯಾರೂ ಮಿಸುಕಲಿಲ್ಲ. ಮಾಲೀಕರ ಮಗ ಮೂರು ಸಾವಿರ ಎಂದ. ಸಾವಿರ ಎಂದ. "ಇದಾದ್ಮೇಲೆ ಫ್ರಿಜ್ ತಾನೆ?" ಎಂದು ಒಬ್ಬ ಕೇಳಿದ. ಕೊನೆಗೆ ಗುಜರಿಯವನೊಬ್ಬ ಆಕಳಿಸುತ್ತ, "ಇನ್ನೂರು. ಕಬ್ಬಿಣದ ತೂಕಕ್ಕೆ" ಎಂದ.

ಮೂವತ್ತಾರು ವರ್ಷ ತಡವಾಗಿ ನನ್ನ ಕೈ ಮೇಲೆದ್ದಿತು. "ಇನ್ನೂರ ನಲವತ್ತು!"

ಚೀಟಿ ನಿಧಾನವಾಗಿ ನನ್ನ ಕಡೆ ತಿರುಗಿದ. "ಏನಂದೆ?"

"ಅದೇ ಬೆಲೆ ಕಣೋ! ವಾಪಸ್ ಬಂದಿದೆ!"

"ನಾಚಿಕೆ ಆಗಲ್ವೇನೋ ನಿನಗೆ?" ಅವನು ಬಂದೂಕಿನ ಕಡೆ ಕೈ ತೋರಿಸಿದ. "ಮೂವತ್ತಾರು ವರ್ಷ ಆಗಿದೆ ಅದಕ್ಕೆ. ಒಂದು ಕಾಸೂ ಮೇಲೆ ಹೋಗಿಲ್ಲ ಅಂದ್ರೆ ಅದರ ಮಾನ ಏನಾಯ್ತು? ನಾನು ಇಷ್ಟು ವರ್ಷ ಹೊಟ್ಟೆ ಉರ್ಕೊಂಡಿದ್ದು ಯಾತಕ್ಕೆ?" ಎಂದವನೇ ಎದ್ದು ನಿಂತು, "ಸಾವಿರ!" ಎಂದು ಕೂಗಿದ.

"ಚೀಟಿ ಮಾಮನದು ಸಾವಿರ. ಒಂದು ಸಲ..."

"ಎರಡು ಸಾವಿರ!"

"ಮಾಮ, ಸಾವಿರಾನೂ ನಿಮ್ಮದೇ."

"ಗೊತ್ತು. ಅದು ಕಮ್ಮಿ ಆಯ್ತು."

"ನಿಮ್ಮ ಮೇಲೆ ನೀವೇ ಕೂಗೋ ಹಾಗಿಲ್ಲ ಮಾಮ."

"ಎಲ್ಲಿ ಬರೆದಿದೆ? ಆ ನಿಯಮದ ಹಲಗೆ ಬರೆದವನು ನಾನು. ಹನ್ನೊಂದು ನಿಯಮ ಇದೆ, ಓದಿ ನೋಡು."

ಮಳಿಗೆಯಲ್ಲಿದ್ದವರೆಲ್ಲ ತಿರುಗಿ ಗೋಡೆಯ ಹಲಗೆಯನ್ನು ಓದಿದರು, ಕನ್ನಡಕವಿಲ್ಲದ ನನ್ನೊಬ್ಬನನ್ನು ಬಿಟ್ಟು. ಹಾಗೊಂದು ನಿಯಮ ಇರಲಿಲ್ಲ. ನಾಲ್ಕು ಸಾವಿರವಾಯಿತು, ಆರಾಯಿತು. ಫ್ರಿಜ್ಜಿನವರಿಗೆ ಉತ್ಸಾಹ ಬಂದುಬಿಟ್ಟಿತು. ಹಿಂದಿನಿಂದ ಒಬ್ಬ, "ಬಿಟ್ಕೊಡಬೇಡಿ ಯಜಮಾನ್ರೇ, ಆ ಮನುಷ್ಯ ಇನ್ನೂ ಮೇಲೆ ಹೋಗ್ತಾನೆ!" ಎಂದು ಅವನ ವಿರುದ್ಧವೇ ಅವನನ್ನು ಹುರಿದುಂಬಿಸಿದ.

ಆಗ ಗುಜರಿಯವನು ಆಕಳಿಸುವುದನ್ನು ನಿಲ್ಲಿಸಿದ. ಬಂದೂಕನ್ನು ನೋಡಿದ, ಚೀಟಿಯನ್ನು ನೋಡಿದ. "ನಳಿಗೇಲಿ ಏನೋ ತುಂಬಿದ್ದಾರೆ. ಬರೀ ಸೀಸ ಆಗಿದ್ರೆ ಯಾರು ಹೀಗೆ ಬಡ್ಕೊತಾರೆ? ಒಂಬತ್ತು ಸಾವಿರ!"

ಚೀಟಿಯ ಮುಖದ ಬಣ್ಣ ಇಳಿಯಿತು. ನಾನು ಅವನ ಅಂಗಿ ಜಗ್ಗಿ, "ನೋಡು ಏನು ಮಾಡ್ಕೊಂಡೆ" ಎಂದೆ. ಅವನು ಲಕೋಟೆಯನ್ನು ಎದೆಗೆ ಒತ್ತಿಕೊಂಡು, ಅದರ ಮೇಲಿದ್ದ ಚೀಟಿಯನ್ನು ನೋಡಿಕೊಂಡು, "ಒಂಬತ್ತು ಸಾವಿರದ ಆರುನೂರು" ಎಂದ. ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಗುಜರಿಯವನು ಕತ್ತು ಕೆರೆದುಕೊಂಡ. ಮಾಲೀಕರ ಮಗ ಎಣಿಸತೊಡಗಿದ: ಒಂದು ಸಲ. ಮೂಗು ಕೆರೆದುಕೊಂಡ. ಎರಡು ಸಲ. ಪಕ್ಕದಲ್ಲಿದ್ದ ಅವನ ಹೆಂಡತಿ, "ಫ್ರಿಜ್ಜಿಗೆ ದುಡ್ಡು ಬೇಡ್ವಾ?" ಎಂದು ತೊಡೆ ಚಿವುಟಿದಳು. ಅವನು ಕೈಕಟ್ಟಿ ಕೂತ. ಸುತ್ತಿಗೆ ಬಿತ್ತು.

ದುಡ್ಡು ಕಟ್ಟಿ ಬಂದ ಚೀಟಿ ತನ್ನ ಹಳೆಯ ಮೇಜಿನ ಮುಂದೆ ಸ್ಟೂಲು ಎಳೆದುಕೊಂಡು ಕೂತ. ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡ. ಈಗ ಅಲ್ಲಿ ಅಂಟಿಸುವ ಸ್ಟಿಕರುಗಳು ಬಂದಿವೆ, ಅವನು ಒಪ್ಪಲಿಲ್ಲ. ಡ್ರಾಯರಿನ ಮೂಲೆಯಿಂದ ಹಳೆಯ ರಟ್ಟು, ದಾರ, ಕೆಂಪು ಶಾಯಿ ಹುಡುಕಿಸಿ ತರಿಸಿ, ಬರೆದು, ಶಾಯಿ ಆರುವವರೆಗೆ ಊದಿದ. ಹಣೆಯಲ್ಲಿ ಬೆವರಿತ್ತು. ನೀರು ಬೇಕೇನೋ ಎಂದೆ, ಬೇಡ ಎಂದ. ಜೇಬಿನಿಂದ ನನ್ನ ಕನ್ನಡಕ ತೆಗೆದುಕೊಟ್ಟು, "ಓದು" ಎಂದ.

ಓದಿದೆ. ಮುಂದೆ: ಮೂವತ್ತೇಳು. ಬಂದೂಕು. ನಾಯಿಯನ್ನು ಮೊಲ ಓಡಿಸುತ್ತಿದೆ. ಹಿಂದೆ: ಒಂಬತ್ತು ಸಾವಿರದ ಆರುನೂರು.

"ಇನ್ನು ಮೂವತ್ತಾರು ವರ್ಷ ಆದ್ಮೇಲೆ ಯಾವನೋ ಒಬ್ಬ ಇದನ್ನ ನೋಡ್ತಾನೆ" ಎಂದ. "ಅಯ್ಯೋ, ಆಗ ಇಷ್ಟೇ ಇತ್ತಲ್ಲ ಅಂತ ಹೊಟ್ಟೆ ಉರ್ಕೊಳ್ತಾನೆ." ಆ ಮನುಷ್ಯ ಕಣ್ಣೆದುರಿಗೇ ಇದ್ದಾನೆ ಎಂಬಂತೆ ನಕ್ಕ. ಆಮೇಲೆ ಕೇಳಿದ: "ಬಾಗಿಲ ಹಿಂದೆ ಯಾರಿದ್ರೋ?"

"ಗೊತ್ತಿಲ್ಲ ಕಣೋ. ಆವತ್ತೇ ಮುಚ್ಚಿಟ್ಟೆ. ಮುಂದೆ ಓದಲೇ ಇಲ್ಲ."

"ನನಗೆ ಗೊತ್ತಿತ್ತು. ಮಾಲಿ ಅಂದೆ, ಡಾಕ್ಟರು ಅಂದೆ, ನಾಯಕಿಯ ಚಿಕ್ಕಪ್ಪ ಅಂದೆ. ಇಲ್ಲೀತನಕ ಒಂಬತ್ತು ಜನರನ್ನ ನಿಲ್ಲಿಸಿದ್ದೀಯ ಆ ಬಾಗಿಲ ಹಿಂದೆ."

ಕುದುರೆಯ ಸುತ್ತಲಿನ ಕಂಬಿಗೆ ದಾರವನ್ನು ಎರಡು ಸುತ್ತು ಸುತ್ತಿದ. ಗಂಟು ಹಾಕಿ ಎಳೆದು ನೋಡಿದ. ಮಾಲೀಕರ ಮಗ ಗೋಡೆಯ ಮೊಳೆಯಿಂದ ಕತ್ತರಿ ತೆಗೆದು ಮುಂದೆ ಹಿಡಿದ. ಚೀಟಿ ಅವನ ಕೈಯನ್ನು ಪಕ್ಕಕ್ಕೆ ಸರಿಸಿ, ತಲೆ ಬಗ್ಗಿಸಿ, ಉಳಿದಿದ್ದ ಎರಡು ಹಲ್ಲಿನ ನಡುವೆ ದಾರವನ್ನಿಟ್ಟು ಕಡಿದ. ಬಗ್ಗಿಸಿದ ತಲೆ ಮತ್ತೆ ಮೇಲೇಳಲಿಲ್ಲ.