ಒರತೆಯ ಸುತ್ತ ಬಿಟ್ಟ ಉಸುಕು

ಬೆಳಿಗ್ಗೆ ಐದಕ್ಕೆ ಬಾಗಲಕೋಟೆ ಬಿಟ್ಟೆವು. ಮುಂದೆ ನಾನು ಮತ್ತು ಲಾರಿ ಮಾಲೀಕ ಖಾಜಾಸಾಬ, ಹಿಂದೆ ಸಲಿಕೆ, ಬುಟ್ಟಿಗಳ ಜೊತೆ ನಾಲ್ವರು ಹಮಾಲರು. ಆಣೆಕಟ್ಟಿನ ಹಿನ್ನೀರು ಹಳೆಯ ಊರಿನ ನಮ್ಮ ಓಣಿಯ ತುದಿಗೆ ಬಂದು ನಿಂತಿತ್ತು. ಮಳೆಗಾಲದೊಳಗೆ, ಮುಳುಗಡೆಯವರಿಗೆಂದು ಎದ್ದ ನವನಗರದ ಮನೆಗೆ ಸ್ಲ್ಯಾಬ್ ಬೀಳದಿದ್ದರೆ ನಮಗೆ ಸೂರಿಲ್ಲ. ಕಬ್ಬಿಣ ಕಟ್ಟಿ ಎಂಟು ದಿನವಾಗಿತ್ತು, ಉಸುಕು ಮಾತ್ರ ಇಲ್ಲ. ಊರಿಗೆ ಊರೇ ಒಮ್ಮೆಲೇ ಮನೆ ಕಟ್ಟಲು ಹೊರಟರೆ ಅದಾದರೂ ಎಲ್ಲಿಂದ ಬರಬೇಕು? "ನಾಳೆ ಸಂಜಿಮಟ ನೋಡ್ತೇನಿ, ಆಮ್ಯಾಲೆ ಬ್ಯಾರೆ ಕೆಲಸಕ್ಕ ಹೋಗ್ತೇನಿ" ಎಂದು ಗೌಂಡಿ ಹೇಳಿಬಿಟ್ಟಿದ್ದ.

ನನ್ನ ಚೀಲದಲ್ಲಿ ರೊಟ್ಟಿಯ ಜೊತೆ ಒಂದು ಗಾಜಿನ ಲೋಟ ಇತ್ತು. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಲೋಟಕ್ಕೆ ಉಸುಕು ಹಾಕಿ, ನೀರು ಸುರಿದು ಅಲುಗಾಡಿಸಿ ಇಟ್ಟರೆ ಅದರಲ್ಲಿನ ಮಣ್ಣು ಮೇಲೆ ಪದರಾಗಿ ಕೂರುತ್ತದೆ. ಪದರ ದಪ್ಪಗಿದ್ದರೆ ಅಂಥ ಉಸುಕು ಸ್ಲ್ಯಾಬಿಗೆ ಬರುವುದಿಲ್ಲ. "ಹೆಣ್ಣ ನೋಡಾಕ ಹೊಂಟವರಂಗ ಹೊಂಟೀರಲ್ಲ" ಎಂದು ಹೆಂಡತಿ ನಕ್ಕಿದ್ದಳು.

ಬಾದಾಮಿ ದಾಟಿ, ಶಿವಯೋಗ ಮಂದಿರದ ಆಚೆ ಮಲಪ್ರಭೆಗೆ ಇಳಿದಾಗ ಏಳು ಗಂಟೆ. ನಾನು ಚಿಕ್ಕವನಿದ್ದಾಗ ಇಲ್ಲಿ ಕಾಲು ಹೂತುಹೋಗುವಷ್ಟು ಉಸುಕಿತ್ತು. ಬನಶಂಕರಿಗೆ ಹೋಗಿಬಂದವರು ಅದರ ಮೇಲೆಯೇ ಕೂತು ಬುತ್ತಿ ಬಿಚ್ಚುತ್ತಿದ್ದರು. ಈಗ ಕಂಡದ್ದು ಬಂಡೆ, ಕರಿಮಣ್ಣು, ಟ್ರ್ಯಾಕ್ಟರ್ ಗಾಲಿಯ ಗುರುತು. ದಂಡೆಯಲ್ಲಿ ಒಬ್ಬಾತ ಒಂದು ಗುಡ್ಡೆ ಹಾಕಿಕೊಂಡು ಕೂತಿದ್ದ. ಲೋಟದಲ್ಲಿ ನೋಡಿದರೆ ಅರ್ಧಕ್ಕರ್ಧ ಮಣ್ಣು.

"ಹೊಲದ ಮಣ್ಣ ತೊಳದು ಮಾರಾಕ ಇಟ್ಟೀಯಲ್ಲೋ" ಎಂದ ಖಾಜಾಸಾಬ.

"ಹೊಳ್ಯಾಗ ಇದ್ದಿದ್ರ ನಾ ಯಾಕ ಹೊಲ ಅಗೀತಿದ್ನಿ?" ಎಂದು ಆತ ತಣ್ಣಗೆ ಬೀಡಿ ಹಚ್ಚಿದ.

ಕೂಡಲಸಂಗಮಕ್ಕೆ ಹೋಗೋಣವೇ ಎಂದು ಕೇಳಿದೆ. "ಅಲ್ಲಿ ಉಸುಕ ನೀರಾಗ ಮುಳಗೇತ್ರಿ ಸರ್, ನಿಮ್ಮ ಓಣಿಗತೆ" ಎಂದ ಖಾಜಾಸಾಬ. ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಅಮೀನಗಡದಲ್ಲಿ ಕರದಂಟು ತಿಂದು ಹುನಗುಂದ ದಾಟಿದೆವು. ಬಿಸಿಲು ಏರಿತ್ತು. ಎದುರಿಗೆ ಬಂದ ಪ್ರತಿ ಉಸುಕಿನ ಲಾರಿಯನ್ನೂ ಹೊಟ್ಟೆಕಿಚ್ಚಿನಿಂದ ನೋಡಿದೆ.

ಇಳಕಲ್ಲಿಗೆ ಮೂರು ಕಿಲೋಮೀಟರ್ ಇರುವಾಗ ಒಂದು ಹಳ್ಳ ಸಿಕ್ಕಿತು. ಅದರ ತಿರುವಿನಲ್ಲಿ ಉಸುಕು ಉಳಿದಿತ್ತು. ಲೋಟದಲ್ಲಿ ನೀರು ತಿಳಿಯಾಗಿ ನಿಂತಾಗ ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅಲ್ಲೊಬ್ಬ ಹೆಂಗಸು ಉಸುಕಿನಲ್ಲಿ ತೋಡಿದ ಒರತೆಯ ಪಕ್ಕ ಕೂತಿದ್ದಳು. ಜಿನುಗಿದ ನೀರನ್ನು ಬಟ್ಟಲಿನಿಂದ ಕೊಡಕ್ಕೆ ತುಂಬುವುದು, ಮತ್ತೆ ಜಿನುಗುವವರೆಗೆ ಕಾಯುವುದು. ಹೆಸರು ಸಾವಂತ್ರವ್ವ. ಇಳಕಲ್ಲಿನ ನೇಕಾರರಿಗೆ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಡುವವಳು.

"ಬೋರಿನ ನೀರು ಸವಳರಿ, ಬಣ್ಣ ಹಿಡಿಯಂಗಿಲ್ಲ" ಎಂದಳು. "ಈ ನೀರಾಗ ಕುದಿಸಿದ್ರ ಸೆರಗಿನ ಕೆಂಪು ಖರೆ ಕೆಂಪ ಬರ್ತೈತಿ. ಮದುವಿ ಸೀರಿ ನೂಲು, ನಾಳಿಗೆ ಕೊಡಬೇಕು. ಇನ್ನೂ ಆರು ಕೊಡ ಆಗಬೇಕ್ರಿ. ಒರತಿ ಮುಟ್ಟಬ್ಯಾಡ್ರಿ ಯಪ್ಪಾ."

"ಮುಟ್ಟಂಗಿಲ್ಲವ್ವ" ಎಂದು ಮಾತು ಕೊಟ್ಟೆ. ಒರತೆಯ ಸುತ್ತ ಮೂರು ಮೊಳ ಬಿಟ್ಟು ಕಡ್ಡಿಯಿಂದ ಗೆರೆ ಎಳೆದೆ. ಹಮಾಲರು ಅದನ್ನು ದಾಟಲಿಲ್ಲ. ಅದರಾಚೆ ಸೊಂಟಮಟ್ಟ ಅಗೆದು ಲಾರಿ ತುಂಬಿದರು. ನನ್ನ ಒಳ್ಳೆಯತನವನ್ನು ನಾನೇ ಮೆಚ್ಚಿಕೊಂಡು ಜಾಲಿಯ ನೆರಳಲ್ಲಿ ರೊಟ್ಟಿ ತಿಂದೆ.

ಮೂರನೆಯ ಕೊಡ ತುಂಬುವ ಮೊದಲೇ ಅವಳ ಬಟ್ಟಲು ತಳ ಕೆರೆಯಿತು. ಕಾದಳು. ನೀರು ಮೇಲೇಳಲಿಲ್ಲ. ಹೋಗಿ ನೋಡಿದರೆ ನಮ್ಮ ತಗ್ಗಿನಲ್ಲಿ ಮೊಣಕಾಲುದ್ದ ರಾಡಿ ನೀರು. ಒರತೆಗಿಂತ ಆಳಕ್ಕೆ ಅಗೆದರೆ ನೀರು ಅತ್ತ ಇಳಿಯುತ್ತದೆ ಎಂಬುದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದವನು ನಾನು.

"ಗೆರಿ ಭಾಳ ಛಂದ ಹಾಕಿದ್ರಿ" ಎಂದಳು ಸಾವಂತ್ರವ್ವ. "ನೀರಿಗೆ ಗೆರಿ ಕಾಣತೈತೇನ್ರಿ?"

ತಗ್ಗು ಮುಚ್ಚೋಣವೇ ಎಂದು ಖಾಜಾಸಾಬನನ್ನು ಕೇಳಿದೆ.

"ಮುಚ್ಚಿದ್ರ ಲಾರಿ ಖಾಲಿ ಆಗ್ತೈತ್ರಿ ಸರ್. ನೀವ ಹೇಳ್ರಿ, ಸುರವಲೇನು?"

ಹಮಾಲರು ಸಲಿಕೆ ಹಿಡಿದು ನನ್ನನ್ನೇ ನೋಡುತ್ತಿದ್ದರು. ನನ್ನ ಕಣ್ಣಿಗೆ ಓಣಿಯ ತುದಿಯ ನೀರು ಕಟ್ಟಿತು. "ಹತ್ರಿ, ಹೋಗೂಣು" ಎಂದೆ.

ಹೊರಟಾಗ ತಿರುಗಿ ನೋಡಿದೆ. ಸಾವಂತ್ರವ್ವ ನಮ್ಮ ತಗ್ಗಿಗೆ ಇಳಿದು ಕೈಯಿಂದಲೇ ಹೊಸ ಒರತೆ ತೋಡುತ್ತಿದ್ದಳು. ತಳದಲ್ಲಿ ಉಸುಕು ಉಳಿದಿರಲಿಲ್ಲ, ಬರೀ ಕರಿಮಣ್ಣು.

ಹುನಗುಂದದಲ್ಲಿ ಚಹಾಕ್ಕೆ ನಿಂತೆವು. ಹಸಿ ಉಸುಕಿನ ನೀರು ಲಾರಿಯ ಹಿಂದಿನ ಹಲಗೆಯ ಸಂದಿನಿಂದ ಸೋರುತ್ತಿತ್ತು. ಒಂದು ಕೊಡದಷ್ಟು ತಿಳಿ ನೀರು ಡಾಂಬರಿನ ಮೇಲೆ ಹರಿದು ಗಟಾರ ಸೇರಿತು. ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. "ನಡಿ ಖಾಜಾ."

"ಸ್ವಲ್ಪ ಬಸೀಲಿ ತಡೀರಿ ಸರ್" ಎಂದ ಖಾಜಾಸಾಬ. "ಲಾರಿ ಹಗುರಾಗತೈತಿ."

ನನಗೆ ಕೂರಲಾಗಲಿಲ್ಲ. ಲಾರಿಯ ಸುತ್ತ ತಿರುಗುತ್ತಲೇ ಇದ್ದೆ. ಆ ನೀರು ನಿಲ್ಲಲು ಅರ್ಧ ತಾಸು ಹಿಡಿಯಿತು.